ಫಾ ಯಾನೆ ೞ

ನಮ್ಮ ಕರಾವಳಿಯ ಹಳೆಯ ದಸ್ತಾವೇಜುಗಳನ್ನು ಓದಿದವರಿಗೆ ‘ಯಾನೆ’ ಎಂಬ ಪದ ಹೊಸತಲ್ಲ. ದಾಖಲೆಯಲ್ಲಿ ಒಂದು ಹೆಸರು, ಊರಿನವರ ಬಾಯಲ್ಲಿ ಇನ್ನೊಂದು ಹೆಸರು ಇದ್ದಾಗ ಎರಡರ ನಡುವೆ ಆ ಪದವನ್ನು ಬರೆಯುವುದು ರೂಢಿ. ನಮ್ಮ ನುಡಿಯ ಒಂದು ಅಕ್ಷರಕ್ಕೂ ಗಣಕಲೋಕದಲ್ಲಿ ಹೀಗೊಂದು ‘ಯಾನೆ’ ಇದೆಯೆಂಬುದು ನನಗೆ ತಿಳಿದದ್ದು 2025ರ ದೀಪಾವಳಿಯ ಸಮಯದಲ್ಲಿ. ಆ ಅಕ್ಷರದ ಚರಿತ್ರೆಯನ್ನು ಓದುಗ ಮಿತ್ರರ ಮುಂದಿಡುವುದು ಈ ಬರಹದ ಉದ್ದೇಶ.

ನಿವೃತ್ತನಾದ ಮೇಲೆ ಹಳಗನ್ನಡದ ಪದಗಳ ಒಂದು ಪಟ್ಟಿಯನ್ನು ಮಾಡುತ್ತ ಬಂದಿದ್ದೇನೆ. ಪ್ರೌಢಶಾಲೆಯಲ್ಲಿ ಕನ್ನಡವನ್ನೂ ಚರಿತ್ರೆಯನ್ನೂ ಕಲಿಸಿದವನಿಗೆ ಅದೊಂದು ಬಿಡಲಾಗದ ಚಟ. ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿರುವ ಮಗಳು ಹಬ್ಬಕ್ಕೆಂದು ನಾವುಂದಕ್ಕೆ ಬಂದಿದ್ದಳು. ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ ಕೊಡುತ್ತೇನೆಂದು ತನ್ನ ಮಡಿಲ ಗಣಕವನ್ನು ತೆರೆದು ಕುಳಿತಳು. ಒಂದೇ ಕ್ಷಣದಲ್ಲಿ ಎರಡು ಸಾವಿರಕ್ಕೂ ಮಿಕ್ಕ ಪದಗಳು ಸಾಲಾಗಿ ನಿಂತವು. ಆದರೆ ಮಕಾರದ ಭಾಗವನ್ನು ನೋಡುವಾಗ ಒಂದು ತಪ್ಪು ಕಣ್ಣಿಗೆ ಬಿತ್ತು. ಮಣಿ, ಮರಳ್, ಮಲೆ ಎಲ್ಲವೂ ಕ್ರಮವಾಗಿದ್ದವು. ‘ಮೞೆ’ ಮಾತ್ರ ‘ಮೌನ’ದ ಕೆಳಗೆ, ಎಲ್ಲಕ್ಕೂ ಕೊನೆಯಲ್ಲಿ ಬಿದ್ದಿತ್ತು.

ೞಕಾರವನ್ನು ಇಂದಿನ ಮಕ್ಕಳು ನೋಡಿರಲಾರರು. ಹಳಗನ್ನಡದಲ್ಲಿ ಅದೊಂದು ಜೀವಂತ ಧ್ವನಿಯಾಗಿತ್ತು. ಇಂದಿನ ಏಳು ಅಂದಿನ ಏೞು, ಬಾಳೆ ಬಾೞೆ, ಕೋಳಿ ಕೋೞಿ, ಮಳೆ ಮೞೆ. ತಮಿಳರೂ ಮಲಯಾಳಿಗಳೂ ಈ ಧ್ವನಿಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಕನ್ನಡದಲ್ಲಿ ಅದು ಕೆಲವೆಡೆ ಳಕಾರವಾಯಿತು, ವ್ಯಂಜನದ ಮುಂದೆ ರೇಫವಾಗಿ ಬಳಿಕ ಕರಗಿಯೇ ಹೋಯಿತು. ‘ಎೞ್ದು’ ಎಂಬುದು ‘ಎರ್ದು’ವಾಗಿ ‘ಎದ್ದು’ ಆದದ್ದು ಹೀಗೆ. 13ನೆಯ ಶತಮಾನದ ಕೇಶಿರಾಜನ ಕಾಲಕ್ಕಾಗಲೇ ಈ ಗೊಂದಲ ಬೆಳೆದಿತ್ತು. ‘ಶಬ್ದಮಣಿದರ್ಪಣ’ದಲ್ಲಿ ಅವನು ರಳ, ಕುಳ, ಕ್ಷಳಗಳೆಂದು ಭೇದವನ್ನು ಹೇಳಿ, ೞಕಾರವುಳ್ಳ ಪದಗಳನ್ನು ಎಣಿಸಿ ತೋರಿಸಿದ. ಕಣ್ಮರೆಯಾಗುತ್ತಿದ್ದ ಅಕ್ಷರಕ್ಕೆ ಒಬ್ಬ ವೈಯಾಕರಣ ಮಾಡಿದ ದಾಖಲಾತಿ ಅದು.

ಮಗಳು ಜೋಡಿಸುವ ಕೆಲಸಕ್ಕೆ ಬಳಸಿದ್ದು ಪೈಥಾನ್ ಎಂಬ ಗಣಕಭಾಷೆಯನ್ನು. ಅದು ಮುಕ್ತ ತಂತ್ರಾಂಶ. ಹಾಲೆಂಡಿನ ಗೀಡೊ ವಾನ್ ರೋಸಮ್ ಅದನ್ನು ರಚಿಸಿ 1991ರ ಫೆಬ್ರವರಿಯಲ್ಲಿ ಲೋಕಕ್ಕೆ ಕೊಟ್ಟರು. ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದುಪಡಿ ಸೂಚಿಸಬಹುದು. ಭಾಷೆಯ ಜೊತೆಗೇ ಒಂದು ಸ್ಟ್ಯಾಂಡರ್ಡ್ ಲೈಬ್ರರಿ ಬರುತ್ತದೆ. ನಮ್ಮ ಶಾಲೆಯ ಕಪಾಟಿನಲ್ಲಿ ಭೂಪಟ, ಕೈವಾರ, ಅಳತೆಪಟ್ಟಿಗಳು ಇರುತ್ತಿದ್ದವಲ್ಲ, ಹಾಗೆಯೇ ನಿತ್ಯದ ಕೆಲಸದ ಸಲಕರಣೆಗಳೆಲ್ಲ ಅಲ್ಲಿ ಸಿದ್ಧವಾಗಿರುತ್ತವೆ. ಅವುಗಳಲ್ಲಿ ‘ಯುನಿಕೋಡ್‌ಡೇಟಾ’ ಎಂಬುದೂ ಒಂದು. 2000ದ ಅಕ್ಟೋಬರಿನಲ್ಲಿ ಬಂದ ಪೈಥಾನಿನ 2.0 ಆವೃತ್ತಿಯಿಂದ ಅದು ಅಲ್ಲಿದೆ. ಜಗತ್ತಿನ ಯಾವ ಅಕ್ಷರವನ್ನು ಕೊಟ್ಟರೂ ಅದರ ಅಧಿಕೃತ ಹೆಸರನ್ನೂ ಗುಣಲಕ್ಷಣಗಳನ್ನೂ ಹೇಳುತ್ತದೆ.

ಕನ್ನಡವನ್ನು ಆ ಲೈಬ್ರರಿ ಚೆನ್ನಾಗಿಯೇ ಬಲ್ಲದು. ಮಗಳು ‘೧೨೩’ ಎಂದು ಕನ್ನಡ ಅಂಕಿಗಳಲ್ಲಿ ಬರೆದು ಸಂಖ್ಯೆಯಾಗಿ ಓದೆಂದಾಗ ಅದು ತಡವರಿಸದೆ ಓದಿತು. ನಮ್ಮ ಅಂಗಡಿಗಳ ಫಲಕಗಳಿಂದಲೇ ಮಾಯವಾಗುತ್ತಿರುವ ಅಂಕಿಗಳಿಗೆ ಅಲ್ಲಿ ಅಷ್ಟು ಮರ್ಯಾದೆ ಇರುವುದನ್ನು ಕಂಡು ಸಂತೋಷವಾಯಿತು. ಆ ಹುಮ್ಮಸ್ಸಿನಲ್ಲಿಯೇ ೞಕಾರದ ಹೆಸರೇನೆಂದು ಕೇಳಲು ಹೇಳಿದೆ. ತೆರೆಯ ಮೇಲೆ ಇಂಗ್ಲಿಷಿನಲ್ಲಿ ಮೂಡಿದ ಉತ್ತರ: ‘ಕನ್ನಡ ಲೆಟರ್ ಫಾ’.

ಫಾ! ಇಂಗ್ಲಿಷಿನ ‘ಎಫ್’ ಧ್ವನಿಯ ಫಾ! ಕೇಶಿರಾಜನು ಸೂತ್ರ ಬರೆದು ಕಾಪಾಡಿದ ಅಕ್ಷರಕ್ಕೆ ಅದರ ಉಚ್ಚಾರದೊಡನೆ ಯಾವ ಸಂಬಂಧವೂ ಇಲ್ಲದ ಹೆಸರು. ನನಗೆ ಸಿಟ್ಟು ಬಂತು. ಈಗಲೇ ಅವರಿಗೆ ದೂರು ಬರೆ ಎಂದೆ. ಅವಳು ಬರೆಯತೊಡಗಿದಳು, ಆದರೆ ಕಳುಹಿಸುವ ಮೊದಲು ಹಳೆಯ ಕಡತಗಳನ್ನು ಓದಿ ನೋಡಿದಳು. ಸ್ವಲ್ಪ ಹೊತ್ತಿನ ಬಳಿಕ, “ಹೆಸ್ರ್ ತಪ್ಪೇ ಆದ್ರೂ ಬದ್ಲ್ ಮಾಡುಕಿಲ್ಲೆ ಅಂಬ್ರ್, ಅಪ್ಪಯ್ಯ” ಎಂದಳು.

ಅವಳು ತೆಗೆದು ತೋರಿಸಿದ ಚರಿತ್ರೆ ಹೀಗಿದೆ. ಭಾರತೀಯ ಲಿಪಿಗಳಿಗಾಗಿ ನಮ್ಮ ದೇಶದಲ್ಲಿ ‘ಇಸ್ಕಿ’ ಎಂಬ ಸಂಕೇತ ವ್ಯವಸ್ಥೆಯೊಂದು ರೂಪುಗೊಂಡಿತ್ತು. ಎಲ್ಲ ಲಿಪಿಗಳ ಸಮಾನ ಅಕ್ಷರಗಳಿಗೂ ಒಂದೇ ಸ್ಥಾನ ಎಂಬುದು ಅದರ ತತ್ತ್ವ. 1991ರಲ್ಲಿ ಯುನಿಕೋಡಿನ ಮೊದಲ ಆವೃತ್ತಿ ಬಂದಾಗ ಇಸ್ಕಿಯ 1988ರ ರೂಪವನ್ನೇ ಅನುಸರಿಸಿ ದೇವನಾಗರಿ, ತಮಿಳು, ಕನ್ನಡ ಮೊದಲಾದವುಗಳಿಗೆ ತಲಾ 128 ಮನೆಗಳನ್ನು ಹಂಚಲಾಯಿತು. ದೇವನಾಗರಿಯಲ್ಲಿ ಚುಕ್ಕೆಯಿಟ್ಟ ಫಕಾರ ಎಷ್ಟನೆಯ ಮನೆಯಲ್ಲಿದೆಯೋ ಕನ್ನಡದಲ್ಲಿ ಅಷ್ಟನೆಯ ಮನೆಯಲ್ಲಿಯೇ ನಮ್ಮ ೞ ಕುಳಿತಿದೆ, ಅದೇ ಹೆಸರನ್ನೂ ಹೊತ್ತುಕೊಂಡಿದೆ. ತಮಿಳಿನ ಮತ್ತು ಮಲಯಾಳದ ೞಕಾರಗಳು ಳಕಾರದ ಪಕ್ಕದ ಮನೆಯಲ್ಲಿವೆ. ಕನ್ನಡದಲ್ಲಿ ಆ ಮನೆ ಇಂದಿಗೂ ಖಾಲಿ. ಅಲ್ಲಿ ಇರುತ್ತಿದ್ದರೆ ನನ್ನ ಪಟ್ಟಿಯ ‘ಮೞೆ’ಯೂ ತಾನಾಗಿಯೇ ಸರಿಯಾದ ಜಾಗದಲ್ಲಿ ನಿಲ್ಲುತ್ತಿತ್ತು. ಗಣಕವು ಮನೆಯ ಸಂಖ್ಯೆಯನ್ನು ನೋಡಿ ಸಾಲು ಮಾಡಿತೇ ಹೊರತು ವರ್ಣಮಾಲೆಯನ್ನು ನೋಡಿ ಅಲ್ಲ.

ತಿಳಿದ ಮೇಲಾದರೂ ತಿದ್ದಬಾರದೇ ಎಂದರೆ, 1996ರ ಎರಡನೆಯ ಆವೃತ್ತಿಯಿಂದ ಮುಂದಕ್ಕೆ ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸುವುದಿಲ್ಲವೆಂಬುದು ಯುನಿಕೋಡಿನ ನಿಯಮ. ಅದಕ್ಕೆ ಕಾರಣವೂ ಇದೆ. ಆ ಹೆಸರನ್ನು ನಂಬಿ ಯಾರೋ ಎಲ್ಲಿಯೋ ತಂತ್ರಾಂಶ ಬರೆದಿರುತ್ತಾರೆ. ಹೆಸರು ಬದಲಾದರೆ ಅದು ಕೆಡುತ್ತದೆ. ಪೈಥಾನಿನವರಾದರೂ ತಮ್ಮ ಕೋಷ್ಟಕವನ್ನು ಕೈಯಿಂದ ತಿದ್ದುವಂತಿಲ್ಲ. ಯುನಿಕೋಡ್ ಪ್ರಕಟಿಸುವ ಕಡತಗಳಿಂದ ಒಂದು ಪುಟ್ಟ ತಂತ್ರಾಂಶವೇ ಅದನ್ನು ತಯಾರಿಸುತ್ತದೆ. ಮೂಲದಲ್ಲಿ ಇರುವುದೇ ನಕಲಿನಲ್ಲಿಯೂ ಇರತಕ್ಕದ್ದು.

ಇದಕ್ಕೆ ಯುನಿಕೋಡ್ ಕಂಡುಕೊಂಡ ಪರಿಹಾರವೇ ನಮ್ಮ ‘ಯಾನೆ’. 2006ರ ಐದನೆಯ ಆವೃತ್ತಿಯಲ್ಲಿ ತಪ್ಪಿದ ಹೆಸರುಗಳಿಗೆ ಅಧಿಕೃತ ಪರ್ಯಾಯಗಳ ಒಂದು ಕಡತವನ್ನು ಸೇರಿಸಲಾಯಿತು. ಮೊದಲ ಬಾರಿಗೆ ಬಂದ ಆ ಚಿಕ್ಕ ಪಟ್ಟಿಯಲ್ಲಿಯೇ ನಮ್ಮ ಅಕ್ಷರವಿತ್ತು. ಇಂಗ್ಲಿಷಿನಲ್ಲಿ ಲಕಾರಕ್ಕೆ ಒಂದು ಎಲ್, ಳಕಾರಕ್ಕೆ ಎರಡು, ೞಕಾರಕ್ಕೆ ಮೂರು ಎಂಬ ಲೆಕ್ಕದಲ್ಲಿ ಅದಕ್ಕೆ ಸರಿಯಾದ ಹೆಸರು ಸಿಕ್ಕಿತು.

ಆದರೂ ಪೈಥಾನಿನ ಲೈಬ್ರರಿಗೆ ಆ ಹೆಸರು ತಿಳಿದಿರಲಿಲ್ಲ. 2011ರ ಆಗಸ್ಟಿನಲ್ಲಿ ಟಾಮ್ ಕ್ರಿಸ್ಟಿಯಾನ್ಸೆನ್ ಎಂಬವರು ಈ ಕೊರತೆಯನ್ನು ವರದಿ ಮಾಡಿದರು. ಅವರು ಪರ್ಲ್ ಎಂಬ ಬೇರೊಂದು ಗಣಕಭಾಷೆಯ ಗ್ರಂಥಕರ್ತರು. ನೆರೆಮನೆಯ ಸೋರುವ ಮಾಡನ್ನು ಕಂಡು ಕರೆದು ಹೇಳಿದವರು. ಇಟಲಿಯ ಎಝಿಯೊ ಮೆಲೊಟ್ಟಿ ಅದಕ್ಕೆ ಬೇಕಾದ ಸಂಕೇತವನ್ನು ಬರೆದರು. 2012ರ ಸೆಪ್ಟೆಂಬರಿನಲ್ಲಿ ಬಂದ 3.3 ಆವೃತ್ತಿಯಿಂದ ಮುಂದಕ್ಕೆ, ಮೂರು ಎಲ್‌ಗಳ ಹೆಸರು ಹೇಳಿ ಕರೆದರೆ ೞಕಾರ ಓಗೊಡುತ್ತದೆ. ಇವರಿಬ್ಬರೂ ಕನ್ನಡಕ್ಕಾಗಿ ಹೊರಟವರಲ್ಲ. ದಾಖಲೆ ಸರಿಯಿರಬೇಕೆಂಬ ಒಂದೇ ಶ್ರದ್ಧೆ ಅವರದು. ನಾನು ಸಿಟ್ಟಿನಿಂದ ಬರೆಸಲು ಹೊರಟಿದ್ದ ದೂರಿಗೆ ಹದಿಮೂರು ವರ್ಷಗಳ ಹಿಂದೆಯೇ, ನನ್ನನ್ನು ಕಾಯದೆ, ಉತ್ತರ ಸಿದ್ಧವಾಗಿತ್ತು.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಬೇಕು. ಕೆಲಸಕ್ಕೆ ಸೇರಿದ ಆರಂಭದ ವರ್ಷಗಳಲ್ಲಿ ಎಸ್.ಎಸ್.ಎಲ್.ಸಿ. ಅರ್ಜಿಗಳನ್ನು ತುಂಬುವಾಗ ಒಬ್ಬ ಹುಡುಗನ ಹೆಸರನ್ನು ನಾನು ತಪ್ಪಾಗಿ ಬರೆದೆ. ಅವನು ನಾಚಿಕೆಯ ಹುಡುಗ, ಏನೂ ಹೇಳಲಿಲ್ಲ. ಅಂಕಪಟ್ಟಿ ಅಚ್ಚಾಗಿ ಬಂತು. ಇಪ್ಪತ್ತು ವರ್ಷಗಳ ಬಳಿಕ ಅವನು ಜಾಗ ಕೊಂಡಾಗ ಸಾಕ್ಷಿಯ ರುಜುವಿಗೆ ನನ್ನನ್ನೇ ಕರೆದ. ದಸ್ತಾವೇಜಿನಲ್ಲಿ ಮೊದಲು ನಾನು ಬರೆದ ತಪ್ಪು ಹೆಸರು, ಬಳಿಕ ‘ಯಾನೆ’, ಆಮೇಲೆ ತಾಯಿ ಇಟ್ಟ ಹೆಸರು. ಅದರ ಕೆಳಗೆ ರುಜು ಹಾಕುವಾಗ ನನ್ನ ಕೈ ನಡುಗಿತ್ತು. ಹೆಸರಿಡುವವನು ಬರೆದು ಮುಗಿಸಿ ಎದ್ದುಹೋಗುತ್ತಾನೆ. ಹೊರುವವನು ಜೀವಮಾನವಿಡೀ ಹೊರುತ್ತಾನೆ.

ಆದ್ದರಿಂದಲೇ ಈ ಕೆಲಸದಲ್ಲಿ ನಮ್ಮವರು ಮೊದಲೇ ಇರಬೇಕೆಂದು ನನಗನಿಸುತ್ತದೆ. ಈಗ ಇದ್ದಾರೆಂಬುದೇ ಸಮಾಧಾನ. ಉಡುಪಿಯ ಮಠಗಳ ತಾಳೆಗರಿಗಳಲ್ಲಿರುವ ತಿಗಳಾರಿ ಲಿಪಿಯನ್ನು ತುಳು-ತಿಗಳಾರಿ ಎಂಬ ಹೆಸರಿನಲ್ಲಿ ಯುನಿಕೋಡಿಗೆ ಸೇರಿಸಲು ವೈಷ್ಣವಿ ಮೂರ್ತಿ ಮತ್ತು ವಿನೋದ್ ರಾಜನ್ ಆಧಾರಸಹಿತ ಪ್ರಸ್ತಾವನೆಯನ್ನು ಸಿದ್ಧಪಡಿಸಿದರು. 2024ರ ಸೆಪ್ಟೆಂಬರಿನಲ್ಲಿ, 16ನೆಯ ಆವೃತ್ತಿಯಲ್ಲಿ ಆ ಲಿಪಿ ಸೇರಿತು. 2025ರ ಅಕ್ಟೋಬರಿನಲ್ಲಿ ಬಂದ ಪೈಥಾನಿನ 3.14 ಆವೃತ್ತಿಗೆ ಆ ಅಕ್ಷರಗಳ ಹೆಸರುಗಳೆಲ್ಲ ತಿಳಿದಿವೆ. ತಾಳೆಗರಿಯನ್ನು ಓದಬಲ್ಲವರು ಯುನಿಕೋಡಿನ ಬಾಗಿಲಿನಲ್ಲಿ, ಸಂಕೇತ ಬರೆಯಬಲ್ಲವರು ಲೈಬ್ರರಿಯ ಬಾಗಿಲಿನಲ್ಲಿ ನಿಂತರೆ ಮುಂದಿನ ಅಕ್ಷರಕ್ಕೆ ‘ಯಾನೆ’ಯ ಅಗತ್ಯ ಬಾರದು.

ಒಂದು ಕೊರತೆ ಉಳಿದಿದೆ. ಮೂರು ಎಲ್‌ಗಳ ಹೆಸರು ಹೇಳಿದರೆ ಅಕ್ಷರ ಬರುತ್ತದೆ ನಿಜ. ಆದರೆ ಅಕ್ಷರವನ್ನು ತೋರಿಸಿ ಹೆಸರು ಕೇಳಿದರೆ ನಾವು ನೋಡಿದ 3.14ರಲ್ಲಿಯೂ ‘ಫಾ’ ಎಂದೇ ಉತ್ತರ. ‘ಇದಕ್ಕೆ ಬೇರೆ ಹೆಸರಿದೆಯೇ’ ಎಂದು ಕೇಳುವ ದಾರಿ ಆ ಸಲಕರಣೆಯಲ್ಲಿ ಇಲ್ಲ. ಆ ದಾರಿಯನ್ನು ಸೇರಿಸಬಹುದೇ ಎಂಬ ಸೂಚನೆಯನ್ನು ಮಗಳು ಬರೆಯುತ್ತಿದ್ದಾಳೆ. ಒಪ್ಪುವುದೂ ಬಿಡುವುದೂ ನೋಡಿಕೊಳ್ಳುವವರ ವಿವೇಚನೆ. ಉದಾಹರಣೆಯ ಜಾಗದಲ್ಲಿ ಯಾವ ಅಕ್ಷರವನ್ನು ಇಡಲಿ ಎಂದು ಮೊನ್ನೆ ಕೇಳಿದಳು. ಹೊರಗೆ ಮಳೆ ಹೊಯ್ಯುತ್ತಿತ್ತು. ನಾನು ಕಾಗದದ ಮೇಲೆ ‘ಮೞೆ’ ಎಂದು ಬರೆದು ಕೊಟ್ಟೆ.