ಪ್ರಾದ್‌ಗೆ ಹೋದ ಕೇಳುಗರು

1950ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ದಕ್ಷಿಣದ ಅಂಚಿನಲ್ಲಿರುವ ಪ್ರಾದ್ ಎಂಬ ಸಣ್ಣ ಊರಿಗೆ ಅಮೆರಿಕದಿಂದಲೂ ಯುರೋಪಿನ ಬೇರೆ ಬೇರೆ ದೇಶಗಳಿಂದಲೂ ಸಂಗೀತಪ್ರಿಯರು ಬಂದು ಸೇರಿದರು. ಪಿರೆನೀಸ್ ಬೆಟ್ಟಸಾಲಿನ ಕನಿಗೂ ಶಿಖರದ ತಪ್ಪಲಿನ ಆ ಊರು ಅದುವರೆಗೆ ಸಂಗೀತಕ್ಕೆಂದು ಹೆಸರಾದದ್ದಲ್ಲ. ಅವರೆಲ್ಲ ಬಂದದ್ದು ಅಲ್ಲಿ ನೆಲೆಸಿದ್ದ 73 ವರ್ಷದ ಚೆಲ್ಲೊ ವಾದಕ ಪಾಬ್ಲೊ ಕಸಾಲ್ಸ್ ಅವರಿಗಾಗಿ. ನೆಚ್ಚಿನ ಕಲಾವಿದರನ್ನು ಎದುರು ಕೂತು ಕೇಳಲು ದೇಶ ಬಿಟ್ಟು ದೇಶಕ್ಕೆ ಹೋಗುವುದನ್ನು ದುಡ್ಡಿದ್ದವರ ಶೋಕಿ ಎಂದು ತಳ್ಳಿಹಾಕುವವರು ಆಗಲೂ ಇದ್ದಿರಬೇಕು, ಈಗಂತೂ ಇದ್ದಾರೆ. ಪ್ರಾದ್‌ನ ಇತಿಹಾಸವನ್ನು ನೋಡಿದರೆ ಆ ಮಾತು ಪೂರ್ತಿ ನಿಲ್ಲುವುದಿಲ್ಲ. ಕಲಾವಿದ ತಳೆದ ನಿಲುವಿಗೆ ಕೇಳುಗರು ತಮ್ಮ ಪ್ರಯಾಣದಿಂದಲೇ ಬಲ ತುಂಬಬಹುದು ಎಂಬುದನ್ನು ಆ ಬೇಸಿಗೆ ತೋರಿಸಿಕೊಟ್ಟಿತು.

ಸಂಗೀತಕ್ಕಾಗಿ ಯಾತ್ರೆ ಹೊರಡುವುದು ಯುರೋಪಿಗೆ ಹೊಸದಾಗಿರಲಿಲ್ಲ. 1876ರ ಆಗಸ್ಟಿನಲ್ಲಿ ರಿಚರ್ಡ್ ವಾಗ್ನರ್ ತನ್ನ ಕೃತಿಗಳಿಗೆಂದೇ ಜರ್ಮನಿಯ ಬೈರಾಯ್ಟ್‌ನಲ್ಲಿ ಕಟ್ಟಿಸಿದ ರಂಗಮಂದಿರ ಆರಂಭವಾದಾಗ ಬ್ರೆಜಿಲ್‌ನ ಚಕ್ರವರ್ತಿ ಎರಡನೆಯ ಪೆದ್ರೊ, ರಷ್ಯದಿಂದ ಚೈಕೋವ್‌ಸ್ಕಿ, ನಾರ್ವೆಯಿಂದ ಗ್ರೀಗ್ ಬಂದಿದ್ದರು. ಪತ್ರಿಕೆಗೆ ವರದಿ ಬರೆಯಲು ಹೋದ ಚೈಕೋವ್‌ಸ್ಕಿ, ಅಲ್ಲಿ ಊಟ ಸಿಗುವುದೇ ಎಷ್ಟು ಕಷ್ಟವಾಗಿತ್ತೆಂದು ಬರೆದಿದ್ದಾರೆ. ಬಂದ ಜನಕ್ಕೆ ಊರು ಸಾಲದಾಗಿತ್ತು. 1882ರ ‘ಪಾರ್ಸಿಫಾಲ್’ ಬೈರಾಯ್ಟ್ ಬಿಟ್ಟು ಬೇರೆಲ್ಲೂ ರಂಗಕ್ಕೆ ಬರಬಾರದೆಂಬುದು ವಾಗ್ನರ್‌ನ ಇಚ್ಛೆ. 1903ರ ಡಿಸೆಂಬರ್ 24ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಅವನ ಕುಟುಂಬದ ವಿರೋಧವನ್ನು ಲೆಕ್ಕಿಸದೆ ಅದನ್ನು ಆಡುವವರೆಗೆ, ಸಾಮಾನ್ಯ ಪ್ರೇಕ್ಷಕರು ಆ ನಾಟಕವನ್ನು ರಂಗದ ಮೇಲೆ ನೋಡಬೇಕಾದರೆ ಬೈರಾಯ್ಟ್‌ಗೇ ಹೋಗಬೇಕಿತ್ತು. 1891ರಲ್ಲಿ ಅಮೆರಿಕದ ಮಾರ್ಕ್ ಟ್ವೇನ್ ಹೋಗಿಬಂದು ಬರೆದರು. 1897ರಲ್ಲಿ ಆಲ್ಬೇರ್ ಲಾವಿನ್ಯಾಕ್ ಫ್ರೆಂಚ್ ಯಾತ್ರಿಕರಿಗಾಗಿಯೇ ಒಂದು ಕೈಪಿಡಿ ಪ್ರಕಟಿಸಿದರು. ಅಂದರೆ ಬೈರಾಯ್ಟ್ ಯಾತ್ರೆಗೆ ಕಾರಣ ಸರಳವಾಗಿತ್ತು. ಬೇಕಾದ್ದು ಬೇರೆಲ್ಲೂ ಸಿಗುತ್ತಿರಲಿಲ್ಲ.

ಪ್ರಾದ್‌ಗೆ ಹೋದವರಿಗೆ ಆ ಕಾರಣವಿರಲಿಲ್ಲ. ಅಲ್ಲಿ ನುಡಿಸಿದ್ದು ಬಾಖ್‌ನ ಸಂಗೀತ. ಅವನು ತೀರಿಕೊಂಡು 200 ವರ್ಷ ತುಂಬಿದ ಆ ವರ್ಷ ಅದನ್ನು ಕೇಳಲು ಬೇಕಾದಷ್ಟು ಅವಕಾಶಗಳಿದ್ದವು. ಚೆಲ್ಲೊಗೆಂದು ಬಾಖ್ ರಚಿಸಿದ ಆರು ಸ್ವೀಟ್‌ಗಳನ್ನು ಕಸಾಲ್ಸ್ 1936ರಿಂದ 1939ರ ನಡುವೆ ಧ್ವನಿಮುದ್ರಿಸಿದ್ದರು, ಗ್ರಾಮೊಫೋನ್ ತಟ್ಟೆಗಳು ಮಾರಾಟಕ್ಕಿದ್ದವು. ಇಲ್ಲದಿದ್ದದ್ದು ವೇದಿಕೆಯ ಮೇಲಿನ ಕಸಾಲ್ಸ್. ಕತಲೋನಿಯಾದ ಎಲ್ ವೆಂದ್ರೆಲ್‌ನಲ್ಲಿ ಹುಟ್ಟಿದ ಅವರು 1939ರಲ್ಲಿ ಜನರಲ್ ಫ್ರಾಂಕೊನ ಸೇನೆ ಅಂತರ್ಯುದ್ಧದಲ್ಲಿ ಗೆಲುವಿನತ್ತ ಸಾಗಿದಾಗ ಸ್ಪೇನ್ ತೊರೆದು, ಗಡಿಯಿಂದ ಹೆಚ್ಚು ದೂರವಿಲ್ಲದ ಪ್ರಾದ್‌ನಲ್ಲಿ ಉಳಿದು ನಿರಾಶ್ರಿತರಿಗೆ ನೆರವಾದರು. ಹಿಟ್ಲರ್ ಸೋತ ಬಳಿಕ ಫ್ರಾಂಕೊನೂ ಇಳಿಯುತ್ತಾನೆಂದು ಅವರು ನಂಬಿದ್ದರು. ಗೆದ್ದ ದೇಶಗಳು ಅವನನ್ನು ಹಾಗೇ ಬಿಟ್ಟಾಗ, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಕೊಡಬಂದ ಗೌರವ ಪದವಿಗಳನ್ನು ಬೇಡವೆಂದು, ಸಾರ್ವಜನಿಕ ಕಛೇರಿಗಳನ್ನೇ ನಿಲ್ಲಿಸಿದರು. ಎಷ್ಟು ಕರೆದರೂ ಅಮೆರಿಕಕ್ಕೆ ಹೋಗಲಿಲ್ಲ. ಆಗ ಪಿಟೀಲು ವಾದಕ ಅಲೆಕ್ಸಾಂಡರ್ ಶ್ನೈಡರ್ ಬೇರೊಂದು ದಾರಿ ತೋರಿಸಿದರು: ನೀವು ಬರುವುದಿಲ್ಲವಾದರೆ ನಾವೇ ನಿಮ್ಮಲ್ಲಿಗೆ ಬರುತ್ತೇವೆ ಎಂಬುದು ಅವರ ಸಲಹೆಯ ಸಾರ. ಐಸಾಕ್ ಸ್ಟರ್ನ್, ರುಡಾಲ್ಫ್ ಸರ್ಕಿನ್, ಯೋಸೆಫ್ ಸಿಗೆಟಿ, ಕ್ಲಾರಾ ಹಾಸ್ಕಿಲ್ ಅವರಂಥ ಕಲಾವಿದರು ಬಂದರು, ಅವರ ಹಿಂದೆ ಕೇಳುಗರೂ ಬಂದರು. ಜೂನ್ 2ರಂದು ಊರಿನ ಸೇಂಟ್ ಪಿಯೆರ್ ಚರ್ಚ್‌ನಲ್ಲಿ ಕಸಾಲ್ಸ್ ಒಬ್ಬರೇ ಕೂತು ಮೊದಲ ಸ್ವೀಟ್ ನುಡಿಸುವುದರೊಂದಿಗೆ ಉತ್ಸವ ತೆರೆಯಿತು. ತಟ್ಟೆಯಲ್ಲಿ ಕೇಳಿ ಬಾಯಿಪಾಠವಾಗಿದ್ದ ಕೃತಿಯನ್ನೇ ಕೇಳಲು ಸಾಗರ ದಾಟಿ ಬಂದವರು ಆ ಕಲಾವಿದನ ನಿರಾಕರಣೆಯನ್ನೂ ಮಾನ್ಯ ಮಾಡಿದರು ಎಂದೇ ನಾವು ತಿಳಿಯಬೇಕು. ಅವರು ಬರಲೊಲ್ಲೆ ಎಂದಿದ್ದರಿಂದಲೇ ಇವರು ಹೋಗಬೇಕಾಯಿತು.

ಹೀಗೆ ಹೋಗಿಬರಲು ಹಣವಿದ್ದವರು ಎಷ್ಟು ಮಂದಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಯುದ್ಧ ಮುಗಿದು ಐದೇ ವರ್ಷವಾಗಿದ್ದ ಯುರೋಪಿನಲ್ಲಿ ಅದು ಎಲ್ಲರ ಕೈಗೆಟುಕುವ ಮಾತಾಗಿರಲಿಲ್ಲ. ಆದರೆ ಉತ್ಸವದ ಸಂಗೀತವನ್ನು ಕೊಲಂಬಿಯಾ ಕಂಪನಿ ಮುದ್ರಿಸಿ ಹೊರತಂದಿತು. ಹೋದವರಿದ್ದುದರಿಂದ ಉತ್ಸವ ನಡೆಯಿತು, ನಡೆದದ್ದು ಹೋಗಲಾಗದವರ ಮನೆಗೂ ತಲುಪಿತು. ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಇಂಥ ಯಾತ್ರೆ ವ್ಯಕ್ತಿಪೂಜೆಯಾಗುತ್ತದೆ, ವ್ಯಕ್ತಿಪೂಜೆ ಕುರುಡಾಗುತ್ತದೆ ಎನ್ನುವವರು ಬೈರಾಯ್ಟ್‌ನತ್ತಲೇ ಬೆರಳು ತೋರಬಹುದು. ಹಿಟ್ಲರ್ ಅಲ್ಲಿಗೆ 1923ರಲ್ಲೇ ಬಂದಿದ್ದ; ಅಧಿಕಾರಕ್ಕೆ ಬಂದ ಮೇಲೆ ಆ ಉತ್ಸವವನ್ನು ತನ್ನ ಆಡಳಿತದ ಶೋಭೆಯಾಗಿಸಿಕೊಂಡ. ಯುದ್ಧದ ನಡುವೆಯೂ ಸೈನಿಕರನ್ನೂ ಶಸ್ತ್ರಾಸ್ತ್ರ ಕಾರ್ಖಾನೆಗಳ ಕಾರ್ಮಿಕರನ್ನೂ ಸರ್ಕಾರವೇ ಅಲ್ಲಿಗೆ ಕರೆತಂದು ಕೂರಿಸಿತು. ಆದ್ದರಿಂದ ಪ್ರಯಾಣ ತನ್ನಷ್ಟಕ್ಕೆ ಪುಣ್ಯಕಾರ್ಯವೆಂದು ನಾನು ವಾದಿಸುವುದಿಲ್ಲ. ಯಾತ್ರಿಕರು ಯಾವುದಕ್ಕೆ ಸಮ್ಮತಿ ಕೊಡಲು ಹೋಗುತ್ತಾರೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಪ್ರಾದ್‌ನಲ್ಲಿ ಸಮ್ಮತಿ ಸಿಕ್ಕಿದ್ದು ಅಧಿಕಾರಕ್ಕಲ್ಲ, ಅಧಿಕಾರದೆದುರು ತಲೆಬಾಗದೆ ಸಂಪಾದನೆಯನ್ನೂ ವೇದಿಕೆಯನ್ನೂ ಬಿಟ್ಟುಕೊಟ್ಟ ಒಬ್ಬ ದೇಶಭ್ರಷ್ಟನಿಗೆ.

ಇದರಿಂದ ಫ್ರಾಂಕೊಗೆ ಏನಾಯಿತು ಎಂದು ಕೇಳುವವರಿಗೆ ಉತ್ತರ ಕಹಿಯಾಗಿಯೇ ಇದೆ. ಅದೇ 1950ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆ ಸ್ಪೇನಿಗೆ ರಾಯಭಾರಿಗಳನ್ನು ಕಳಿಸಲು ಇದ್ದ ಅಡ್ಡಿಯನ್ನು ತೆಗೆಯಿತು. 1953ರಲ್ಲಿ ಅಮೆರಿಕ ಅವನೊಂದಿಗೆ ಒಪ್ಪಂದ ಮಾಡಿಕೊಂಡಿತು, 1955ರಲ್ಲಿ ಸ್ಪೇನ್ ವಿಶ್ವಸಂಸ್ಥೆಯ ಸದಸ್ಯವಾಯಿತು. ಕಸಾಲ್ಸ್ ಅವರೂ ಮುಂದೆ ತಮ್ಮ ನಿಯಮವನ್ನು ಸಡಿಲಿಸಿ 1961ರಲ್ಲಿ ಕೆನಡಿಯವರ ಶ್ವೇತಭವನದಲ್ಲಿ ನುಡಿಸಿದರು. ಆದರೆ ಸರ್ಕಾರವನ್ನು ಉರುಳಿಸುವುದು ಕಛೇರಿಯ ಕೆಲಸವೂ ಅಲ್ಲ, ಕೇಳುಗರ ಕೆಲಸವೂ ಅಲ್ಲ. ಮೂಲೆಯ ಊರಿನಲ್ಲಿ ಮೌನವಾಗಿದ್ದ ಮುದುಕನನ್ನು ಜಗತ್ತು ಮರೆತುಬಿಡಬಹುದಿತ್ತು. ಜನ ಅಲ್ಲಿಗೇ ಹೋದದ್ದರಿಂದ, ಇಷ್ಟು ದೊಡ್ಡ ಕಲಾವಿದರೆಲ್ಲ ಪ್ರಾದ್‌ನಲ್ಲೇ ಏಕೆ ಸೇರಿದ್ದಾರೆ ಎಂಬ ಪ್ರಶ್ನೆ ಹುಟ್ಟಿತು. ಅದಕ್ಕೆ ಫ್ರಾಂಕೊನ ಹೆಸರೆತ್ತದೆ ಉತ್ತರ ಕೊಡುವಂತಿರಲಿಲ್ಲ. ರಾಜಧಾನಿಗಳು ಮರೆಯಲು ಹೊರಟಿದ್ದನ್ನು ಒಂದು ಸಂಗೀತೋತ್ಸವ ನೆನಪಿನಲ್ಲಿಟ್ಟಿತು.

ಈಗ ವಿಮಾನ ಹತ್ತಿ ನೆಚ್ಚಿನ ಗಾಯಕರ ಕಛೇರಿಗೆ ಹೋಗುವವರು 1950ರ ಯಾತ್ರಿಕರಿಗಿಂತ ಎಷ್ಟೋ ಪಾಲು ಹೆಚ್ಚು. ಅವರ ಸಂತೋಷವನ್ನು ಹಳಿಯಬೇಕಾದ್ದಿಲ್ಲ. ಆದರೆ ಟಿಕೆಟ್ ಕೊಳ್ಳುವ ಮುನ್ನ ತಮ್ಮ ಕಲಾವಿದ ಎಲ್ಲಿ, ಯಾರ ಆಶ್ರಯದಲ್ಲಿ ಹಾಡುತ್ತಾನೆ, ಎಲ್ಲಿ ಹಾಡಲು ಒಪ್ಪುವುದಿಲ್ಲ ಎಂಬುದನ್ನು ಅವರು ತಿಳಿದುಕೊಳ್ಳಲಿ. ಕಸಾಲ್ಸ್ 1973ರಲ್ಲಿ ದೇಶದ ಹೊರಗೇ ತೀರಿಕೊಂಡರು. ಎರಡು ವರ್ಷದ ಬಳಿಕ ಫ್ರಾಂಕೊ ಸತ್ತ. 1979ರಲ್ಲಿ, ಪ್ರಜಾಪ್ರಭುತ್ವ ಮರಳಿದ ಸ್ಪೇನಿನಲ್ಲಿ, ಅವರ ಅವಶೇಷಗಳನ್ನು ಎಲ್ ವೆಂದ್ರೆಲ್‌ಗೆ ತಂದು ಮಣ್ಣು ಮಾಡಲಾಯಿತು. ಪ್ರಾದ್‌ನಲ್ಲಿ ಅವರ ಹೆಸರಿನ ಉತ್ಸವ ನಮ್ಮ ಕಾಲದವರೆಗೂ ಮುಂದುವರಿದು ಬಂದಿದೆ.