ಬುಕ್ಕರಾಯನ ರಾಜಿ

ಶ್ರವಣಬೆಳಗೊಳದ ಭಂಡಾರಿ ಬಸದಿಗೆ ಹೋದವರು 24 ತೀರ್ಥಂಕರರಿಗೆ ಕೈಮುಗಿದು ಹೊರಬರುತ್ತಾರೆ; ಅಲ್ಲಿಯ ಶಾಸನದ ಕಲ್ಲಿನ ಮುಂದೆ ನಿಲ್ಲುವವರು ಕಡಿಮೆ. 1368ರ ಆ ಕಲ್ಲಿನ ಮೇಲಿರುವುದು ಒಂದು ಜಗಳದ ತೀರ್ಪು.

ಪಂಚಮಹಾವಾದ್ಯ ಬಾರಿಸುವ, ಕಳಶ ಹಿಡಿಯುವ ಹಕ್ಕು ಯಾರಿಗೆ? ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಯ ಜೈನರು, ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ವಿಜಯನಗರದ ಬುಕ್ಕರಾಯನಿಗೆ ದೂರಿತ್ತರು. ರಾಯ ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರು ಸೇರಿದಂತೆ ವೈಷ್ಣವರನ್ನು ಕೂಡಿಸಿದ. ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲ, ವಾದ್ಯ ಕಳಶಗಳು ಹಿಂದಿನಂತೆ ಜೈನರಿಗೂ ಸಲ್ಲಬೇಕು ಎಂದ.

ಲೆಕ್ಕಾಚಾರದ ಭಾಗ ಇನ್ನೂ ಸ್ವಾರಸ್ಯ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ (ಆಗಿನ ನಾಣ್ಯ) ಎತ್ತಬೇಕು. ಅದರಲ್ಲಿ ಬೆಳಗೊಳದ ದೇವರಿಗೆ 20 ಕಾವಲಿನಾಳು, ಮಿಕ್ಕದ್ದರಲ್ಲಿ ಪಾಳುಬಿದ್ದ ಬಸದಿಗಳಿಗೆ ಸುಣ್ಣ. ಉಸ್ತುವಾರಿ ಯಾರದು? ತಿರುಮಲೆಯ ತಾತಯ್ಯನದು, ಅಂದರೆ ವೈಷ್ಣವನದು!

ದೂರು ಕೊಟ್ಟವರೇ ದುಡ್ಡನ್ನೂ ಕೊಡಬೇಕಾಯಿತು, ಎದುರು ಪಕ್ಷವೇ ಕಾವಲಿಗೆ ನಿಂತಿತು. ಇದನ್ನು ಸಮಾನತೆ ಎನ್ನುವುದು ಕಷ್ಟ. ಆಳುವವನ ಜಾಣತನ ಎನ್ನಬಹುದು. ತೀರ್ಪನ್ನು ಬೆಳಗೊಳದಲ್ಲಷ್ಟೇ ಕೆತ್ತಿಸಿ ಸುಮ್ಮನಾಗಲಿಲ್ಲ, ಮಾಗಡಿ ಸೀಮೆಯ ಕಲ್ಯದಲ್ಲೂ ಅದರ ಇನ್ನೊಂದು ಪ್ರತಿ ಸಿಕ್ಕಿದೆ.