‘ಸರ್ವರ್ ಡೌನ್’ ಎಂದರೆ ನಿಜಕ್ಕೂ ಏನು?

ಬೆಂಗಳೂರು: ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ– ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಜಮೀನಿನ ಮಾತಿಲ್ಲದ ದಿನವಿಲ್ಲ. ಕ್ರಯಪತ್ರ ಬರೆಸಿ, ಸಾಕ್ಷಿದಾರರನ್ನು ಜತೆಗೆ ಕರೆದುಕೊಂಡು ಉಪನೋಂದಣಾಧಿಕಾರಿ ಕಚೇರಿಗೆ ಬಂದವರಿಗೆ ‘ಸರ್ವರ್ ಡೌನ್’ ಎಂಬ ಉತ್ತರ ಸಿಕ್ಕರೆ ಆ ದಿನ ವ್ಯರ್ಥವಾದಂತೆಯೇ. ಪಹಣಿ ಇಲ್ಲದೆ ಬೆಳೆ ಸಾಲವಿಲ್ಲ, ಋಣಭಾರ ಪತ್ರವಿಲ್ಲದೆ ಖರೀದಿಯಿಲ್ಲ. ಆದರೆ ಆ ಸರ್ವರ್ ಎಲ್ಲಿದೆ, ಅದನ್ನು ನೋಡಿಕೊಳ್ಳುವವರು ಯಾರು, ಅದು ಏಕೆ ನಿಲ್ಲುತ್ತದೆ ಎಂಬುದು ಸರತಿಯಲ್ಲಿ ನಿಂತವರಿಗೆ ತಿಳಿಯುವುದು ಅಪರೂಪ.

ತಾಲ್ಲೂಕಿನಿಂದ ರಾಜಧಾನಿಗೆ

ರಾಜ್ಯದ ‘ಭೂಮಿ’ ಯೋಜನೆ ಆರಂಭವಾದ 2000ದ ಆಸುಪಾಸಿನಲ್ಲಿ ಸರ್ವರ್ ದೂರದಲ್ಲಿರಲಿಲ್ಲ. ಅಂದಿನ 177 ತಾಲ್ಲೂಕುಗಳ ಕಚೇರಿಗಳಲ್ಲಿಯೇ ಗಣಕಯಂತ್ರಗಳನ್ನಿರಿಸಿ, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಭೂದಾಖಲೆಗಳನ್ನು ಅವುಗಳಿಗೆ ತುಂಬಲಾಯಿತು. ಗ್ರಾಮಲೆಕ್ಕಿಗರ ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. 15 ರೂಪಾಯಿ ಕೊಟ್ಟವರಿಗೆ ಮುದ್ರಿತ ಪ್ರತಿ ದೊರೆಯತೊಡಗಿತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು.

ಆ ವ್ಯವಸ್ಥೆಯಲ್ಲಿ ದೊಡ್ಡಬಳ್ಳಾಪುರದ ಯಂತ್ರ ಕೆಟ್ಟರೆ ತೊಂದರೆ ದೊಡ್ಡಬಳ್ಳಾಪುರಕ್ಕೆ ಮಾತ್ರ. ನೆಲಮಂಗಲದಲ್ಲಿ ಪಹಣಿ ಸಿಗುತ್ತಿತ್ತು. ಆದರೆ ಪ್ರತಿ ತಾಲ್ಲೂಕಿಗೂ ಯುಪಿಎಸ್, ಬ್ಯಾಕಪ್, ತಿಳಿದ ಕೈ ಬೇಕಾಗಿತ್ತು. ಮುಂದಿನ ವರ್ಷಗಳಲ್ಲಿ ದತ್ತಾಂಶ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿತು. ತಾಲ್ಲೂಕುಗಳು ‘ಕೆ–ಸ್ವಾನ್’ ಎಂಬ ರಾಜ್ಯವ್ಯಾಪಿ ಜಾಲದ ಮೂಲಕ ಅದನ್ನು ತಲುಪತೊಡಗಿದವು. ಮನೆಯಲ್ಲಿ ಕುಳಿತೇ ಪಹಣಿ ನೋಡುವ ಸೌಲಭ್ಯ ಬಂದದ್ದು ಈ ಕೇಂದ್ರೀಕರಣದಿಂದ. ಒಂದು ಕಡೆ ತೊಡಕಾದರೆ ಇಡೀ ರಾಜ್ಯ ಕಾಯಬೇಕಾದ ಸ್ಥಿತಿ ಬಂದದ್ದೂ ಅದರಿಂದಲೇ. ಸಿಸ್ಟಂ ಅಡ್ಮಿನಿಸ್ಟ್ರೇಟರ್ ಎಂಬ ಹುದ್ದೆಯ ತೂಕ ಇರುವುದು ಇಲ್ಲಿ: ಯಾವುದೇ ಒಂದು ವಸ್ತು ಕೆಟ್ಟರೆ ಎಲ್ಲವೂ ನಿಲ್ಲುವಂತಿರಬಾರದು.

ಒಂದು ಯಂತ್ರ, ಹಲವು ಸರ್ವರ್

ಹಿಂದೆ ಒಂದು ಕೆಲಸಕ್ಕೆ ಒಂದು ಯಂತ್ರ ಎಂಬುದು ಪದ್ಧತಿ. ಹೆಚ್ಚಿನ ಯಂತ್ರಗಳು ದಿನದ ಬಹುಪಾಲು ಸುಮ್ಮನೆ ವಿದ್ಯುತ್ ಉಣ್ಣುತ್ತಿದ್ದವು. ವರ್ಚುವಲೈಸೇಷನ್ ಇದನ್ನು ಬದಲಿಸಿತು. ಐಬಿಎಂ 1970ರ ದಶಕದಲ್ಲಿಯೇ ದೊಡ್ಡ ಗಣಕಗಳಲ್ಲಿ ಬಳಸಿದ ಈ ತಂತ್ರ, 1998ರಲ್ಲಿ ಸ್ಥಾಪನೆಯಾದ ವಿಎಂವೇರ್‌ನಿಂದ ಸಾಮಾನ್ಯ ಸರ್ವರ್‌ಗಳಿಗೂ ಬಂದಿತು; 2007ರಲ್ಲಿ ಕೆವಿಎಂ ಲಿನಕ್ಸ್‌ನ ಒಳಗೇ ಸೇರಿತು. ಹೈಪರ್‌ವೈಸರ್ ಎಂಬ ತಂತ್ರಾಂಶ ಒಂದು ಭೌತಿಕ ಯಂತ್ರವನ್ನು ಹಲವು ಕಾಲ್ಪನಿಕ ಯಂತ್ರಗಳಾಗಿ ಹಂಚುತ್ತದೆ. ಒಂದೇ ಸೂರಿನಡಿ ಹಲವು ಸಂಸಾರಗಳಿದ್ದಂತೆ. ಒಬ್ಬರ ಅಡುಗೆ ಕೆಟ್ಟರೆ ಪಕ್ಕದವರಿಗೆ ಉಪವಾಸವಿಲ್ಲ. ನಡೆಯುತ್ತಿರುವ ಯಂತ್ರವನ್ನೇ ನಿಲ್ಲಿಸದೆ ಬೇರೆ ಭೌತಿಕ ಸರ್ವರ್‌ಗೆ ಸಾಗಿಸಲೂ ಬರುತ್ತದೆ.

ಅಪಾಯವೂ ಇದೆ. ಸೂರೇ ಕುಸಿದರೆ ಎಲ್ಲ ಸಂಸಾರಗಳೂ ಬೀದಿಗೆ. ಇರುವ ಮೆಮೊರಿಗಿಂತ ಹೆಚ್ಚು ಹಂಚಿಟ್ಟರೆ ಎಲ್ಲರೂ ಒಟ್ಟಿಗೆ ಕೇಳಿದ ದಿನ ವ್ಯವಸ್ಥೆ ತೆವಳತೊಡಗುತ್ತದೆ. ಬೆಳಿಗ್ಗೆ 11 ಗಂಟೆಗೆ ಕಚೇರಿಗಳಲ್ಲಿ ಕಾಣುವ ‘ಡೌನ್’ ಹಲವೊಮ್ಮೆ ಇಂತಹ ನಿಧಾನವೇ.

ಇಬ್ಬರು ಯಜಮಾನರು

ಕ್ಲಸ್ಟರ್ ಎಂದರೆ ಒಂದೇ ಕೆಲಸಕ್ಕೆ ನಿಂತ ಯಂತ್ರಗಳ ಗುಂಪು. ಅವು ಕ್ಷಣಕ್ಷಣಕ್ಕೂ ಪರಸ್ಪರ ‘ನಾನಿದ್ದೇನೆ’ ಎಂಬ ಸಂಕೇತ ಕಳುಹಿಸುತ್ತಿರುತ್ತವೆ. ಸಂಕೇತ ನಿಂತರೆ ಮತ್ತೊಂದು ಯಂತ್ರ ಹೊಣೆ ಹೊರುತ್ತದೆ. ಕಷ್ಟವಿರುವುದು, ಯಂತ್ರಗಳೆರಡೂ ಸರಿಯಿದ್ದು ನಡುವಿನ ತಂತಿ ಮಾತ್ರ ಕಡಿದಾಗ. ಎರಡೂ ತಾನೇ ಯಜಮಾನನೆಂದು ಬಗೆದು ಒಂದೇ ದತ್ತಾಂಶದ ಮೇಲೆ ಬರೆಯತೊಡಗಿದರೆ ದಾಖಲೆ ಕಲಸಿಹೋಗುತ್ತದೆ.  ಇದನ್ನು ತಡೆಯಲು ಬಹುಮತದ ನಿಯಮವಿದೆ: ಅರ್ಧಕ್ಕಿಂತ ಹೆಚ್ಚು ಮತ ಯಾವ ಬದಿಗಿದೆಯೋ ಅದು ಮಾತ್ರ ಮುಂದುವರಿಯಬೇಕು, ಇನ್ನೊಂದನ್ನು ಬಲವಂತವಾಗಿಯಾದರೂ ನಿಲ್ಲಿಸಬೇಕು. ಯಂತ್ರಗಳ ಸಂಖ್ಯೆ ಬೆಸವಾಗಿರಲಿ, ಇಲ್ಲವೇ ಸಾಕ್ಷಿಯಾಗಿ ಮೂರನೆಯದೊಂದಿರಲಿ ಎನ್ನುವುದು ಇದಕ್ಕಾಗಿಯೇ.

ಭೂದಾಖಲೆಯ ವಿಷಯದಲ್ಲಿ ತಪ್ಪು ಬರಹಕ್ಕಿಂತ ಒಂದು ಗಂಟೆ ಸೇವೆ ನಿಲ್ಲುವುದೇ ಮೇಲು. ನಿಂತ ಸೇವೆ ಮರಳುತ್ತದೆ; ತಪ್ಪಾದ ಖಾತೆ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಅಲೆಸುತ್ತದೆ.

ನಕಲು ಬೇರೆ, ಬ್ಯಾಕಪ್ ಬೇರೆ

ದೊಡ್ಡ ವ್ಯವಸ್ಥೆಗಳಲ್ಲಿ ದತ್ತಾಂಶ ಸರ್ವರ್‌ನೊಳಗೆ ಇರುವುದಿಲ್ಲ. ‘ಸ್ಯಾನ್’ ಎಂಬ ಪ್ರತ್ಯೇಕ ಸಂಗ್ರಹ ಜಾಲದಲ್ಲಿ, ಹಲವು ಡಿಸ್ಕ್‌ಗಳ ಮೇಲೆ ಹರಡಿರುತ್ತದೆ. ರೇಡ್–5 ವಿಧಾನದಲ್ಲಿ ಒಂದು ಡಿಸ್ಕ್, ರೇಡ್–6ರಲ್ಲಿ ಎರಡು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುತ್ತದೆ. ಆದರೆ ಡಿಸ್ಕ್ ಕೆಡುವುದಷ್ಟೇ ಆಪತ್ತಲ್ಲ. ಯಾರಾದರೂ ದಾಖಲೆಯನ್ನು ತಪ್ಪಾಗಿ ಅಳಿಸಿದರೆ, ಆ ಅಳಿಸುವಿಕೆಯೂ ಅದೇ ಗಳಿಗೆಯಲ್ಲಿ ಎಲ್ಲ ನಕಲುಗಳಿಗೂ ತಲುಪುತ್ತದೆ. ದತ್ತಾಂಶವನ್ನು ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ಕೂಡ ಹಾಗೆಯೇ. ಆದ್ದರಿಂದ ನಿನ್ನೆಯ, ಮೊನ್ನೆಯ, ಕಳೆದ ತಿಂಗಳ ಪ್ರತಿಗಳು ಜಾಲದಿಂದ ಬೇರ್ಪಟ್ಟ ಕಡೆ ಇರಬೇಕು. ಆಗಾಗ ಅವುಗಳಿಂದ ದತ್ತಾಂಶವನ್ನು ನಿಜವಾಗಿಯೂ ಮರಳಿ ತೆಗೆದು ನೋಡಬೇಕು. ಹೆಚ್ಚಿನ ಕಚೇರಿಗಳಲ್ಲಿ ತಪ್ಪುವುದು ಈ ಕೊನೆಯ ಕೆಲಸವೇ. ಬ್ಯಾಕಪ್ ‘ಯಶಸ್ವಿ’ ಎಂಬ ಸಂದೇಶವನ್ನು ನಂಬಿ ಕುಳಿತವರು ಅಗತ್ಯ ಬಿದ್ದಾಗ ಬರಿಗೈಯಲ್ಲಿ ನಿಂತ ಉದಾಹರಣೆಗಳು ಈ ವೃತ್ತಿಯಲ್ಲಿ ಸಾಕಷ್ಟಿವೆ.

ಶೇ 99.9ರಷ್ಟು ಲಭ್ಯತೆ ಎಂಬ ಭರವಸೆ ಟೆಂಡರ್ ಕಡತಗಳಲ್ಲಿ ಚೆನ್ನಾಗಿ ಕಾಣುತ್ತದೆ. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಸೇವೆ ನಿಲ್ಲಬಹುದು ಎಂದರ್ಥ. ಅದು ರಜಾದಿನದ ನಡುರಾತ್ರಿ ಕಳೆದರೆ ಯಾರ ಗಮನಕ್ಕೂ ಬಾರದು. ಕೆಲಸದ ಒಂದೇ ದಿನ ಬಂದರೆ ರಾಜ್ಯದ ಉಪನೋಂದಣಾಧಿಕಾರಿ ಕಚೇರಿಗಳೆಲ್ಲ ಬೀಗ ಹಾಕಿದಂತೆ. ತಂತ್ರಾಂಶ ಪರಿಷ್ಕರಣೆಗೆ ಅಡ್ಮಿನಿಸ್ಟ್ರೇಟರ್‌ಗಳು ರಾತ್ರಿ ಪಾಳಿ ಆರಿಸಿಕೊಳ್ಳುವುದು ಇದಕ್ಕೇ.

ಪರಿಷ್ಕರಣೆಯೇ ಪೆಟ್ಟು ಕೊಟ್ಟದ್ದೂ ಉಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ದೋಷಯುಕ್ತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಅಂದು ದೇವನಹಳ್ಳಿ ಬಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿಯೂ ಕೆಲವು ವಿಮಾನಯಾನ ಸಂಸ್ಥೆಗಳ ಚೆಕ್–ಇನ್ ಕೈಯಾರೆ ನಡೆಯಬೇಕಾಯಿತು. ಜೋಡಿ ಯಂತ್ರಗಳಿದ್ದರೂ ಎರಡಕ್ಕೂ ಒಂದೇ ಗಳಿಗೆಯಲ್ಲಿ ಒಂದೇ ದೋಷ ಉಣಿಸಿದರೆ ಜೋಡಿಯಿಂದ ಪ್ರಯೋಜನವಿಲ್ಲ. ಮೊದಲು ಕೆಲವೇ ಯಂತ್ರಗಳಿಗೆ ಹಾಕಿ, ಕಾದು ನೋಡಿ, ನಂತರ ಉಳಿದವುಗಳಿಗೆ ವಿಸ್ತರಿಸುವುದು ಹಳೆಯ ರೂಢಿ.

ಸರ್ವರ್ ಸರಿಯಿದ್ದರೂ

2003ರ ಹೊತ್ತಿಗೆ ಬಂದ ‘ಕಾವೇರಿ’ ನೋಂದಣಿ ತಂತ್ರಾಂಶದ ಜಾಗಕ್ಕೆ 2023ರಲ್ಲಿ ಕಾವೇರಿ 2.0 ಬಂದಿತು. 2025ರ ಆರಂಭದಲ್ಲಿ ಅದು ದಿನಗಟ್ಟಲೆ ಕುಂಟಿದಾಗ ಜನರು ಸಹಜವಾಗಿ ಸರ್ವರ್ ಅನ್ನು ದೂರಿದರು. ನಡೆದದ್ದು ಡಿಡಿಒಎಸ್ ದಾಳಿ. ನಕಲಿ ಖಾತೆಗಳಿಂದ ಸ್ವಯಂಚಾಲಿತ ತಂತ್ರಾಂಶ ಬಳಸಿ ಋಣಭಾರ ಪತ್ರಕ್ಕಾಗಿ ಶೋಧನೆಗಳ ಮಳೆ ಸುರಿಸಲಾಗಿತ್ತು. ಕೋರಿಕೆಗಳು ಮೇಲ್ನೋಟಕ್ಕೆ ನಾಗರಿಕರವುಗಳಂತೆಯೇ ಕಾಣುತ್ತಿದ್ದರಿಂದ ಬೇರ್ಪಡಿಸುವುದು ಸುಲಭವಿರಲಿಲ್ಲ. ಋಣಭಾರ ಶೋಧನೆ ಹಲವು ವರ್ಷಗಳ ದಾಖಲೆ ಜಾಲಾಡುವ ಭಾರದ ಕೆಲಸ. ಅದೇ ಡೇಟಾಬೇಸ್ ನೋಂದಣಿಯನ್ನೂ ನಡೆಸುತ್ತಿದ್ದರೆ ಹುಡುಕುವವರ ದಟ್ಟಣೆಯಲ್ಲಿ ಬರೆಯುವವರು ಸಿಲುಕುತ್ತಾರೆ.

ಇಂತಹ ಸ್ಥಿತಿಯಲ್ಲಿ ಇನ್ನಷ್ಟು ಯಂತ್ರ ಸೇರಿಸಿದರೆ ದಾಳಿಕೋರರಿಗೆ ಇನ್ನಷ್ಟು ಜಾಗ ಸಿಕ್ಕಂತಾಗುತ್ತದೆ, ಅಷ್ಟೇ. ಒಬ್ಬರಿಗೆ ಗಂಟೆಗೆ ಇಷ್ಟೇ ಶೋಧನೆ ಎಂಬ ಮಿತಿ, ಖಾತೆ ತೆರೆಯುವಾಗಲೇ ಬಿಗಿ ಪರಿಶೀಲನೆ, ಹುಡುಕುವ ಕೆಲಸಕ್ಕೆ ಡೇಟಾಬೇಸ್‌ನ ಪ್ರತ್ಯೇಕ ನಕಲು, ನೋಂದಣಿಗೆ ಬೇರೆಯೇ ಹಾದಿ– ಇವು ತಜ್ಞರು ಹಿಡಿಯುವ ಮಾರ್ಗಗಳು. ಹೊಸಕೋಟೆಯ ಕಚೇರಿಯಲ್ಲಿ ಕುಳಿತ ಸಿಬ್ಬಂದಿಯ ಕೈಯಲ್ಲಿ ಇವು ಯಾವುವೂ ಇಲ್ಲ. ಕೌಂಟರಿನಲ್ಲಿ ಏರುವ ದನಿ ಮಾತ್ರ ಅವರ ಪಾಲಿಗೇ ಬರುತ್ತದೆ.